ಹಿಂಡಿ ನಿಲ್ಲಿಸಿದವಳು ನಾನೇ

ನಮ್ಮ ಮನೆಯಲ್ಲಿ ಸೊಸೆಗೆ ಮಜ್ಜಿಗೆ, ಹೋರಿಗೆ ಬೆಣ್ಣೆ. ಎಪ್ಪತ್ತರ ದಶಕದಲ್ಲಿ ಹೊಸದುರ್ಗದ ಸೀಮೆಯ ಆ ಮನೆಗೆ ನಾನು ಬಂದು ಎರಡು ವರ್ಷ ತುಂಬಿರಲಿಲ್ಲ. ಹೋರಿಗೂ ಆಗಷ್ಟೇ ಎರಡು ಹಲ್ಲು ಬಂದಿತ್ತು, ಅಂದರೆ ಎರಡು ವರ್ಷ ದಾಟಿದ ಪ್ರಾಯ. ಮುಂಗಾರು ಬಿದ್ದು ಹಸುಗಳು ಬೆದೆಗೆ ಬರುವ ಹೊತ್ತಿಗೆ ಅದನ್ನು ಊರಿನ ಬೀಜದ ಹೋರಿ ಮಾಡಬೇಕೆಂಬುದು ಮಾವನ ಆಸೆ. ಕಡಲೆಕಾಯಿ ಹಿಂಡಿ, ಬೇಯಿಸಿದ ಹುರುಳಿ, ಹತ್ತಿಕಾಳು ಎಲ್ಲ ಅದರ ಮುಂದೆ ಬೀಳುತ್ತಿದ್ದವು. ಗೂಟಕ್ಕೆ ಕಟ್ಟಿದ ಹಗ್ಗ ಮಾತ್ರ ಬಿಚ್ಚುತ್ತಿರಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎನ್ನುವ ಗಾದೆ ಮಾವನಿಗೆ ಗೊತ್ತಿತ್ತು, ಹೋರಿಯ ಮಟ್ಟಿಗೆ ಮರೆತಿದ್ದರು ಅಷ್ಟೆ.

ಮೊದಲ ಹಸು ಬಂದ ದಿನ ಮರ್ಯಾದೆ ಹೋಯಿತು. ಹೋರಿ ಮೂಸಿತು, ಒಂದು ಸಲ ಮುಂಗಾಲು ಎತ್ತಿತು, ಏದುಸಿರು ಬಿಡುತ್ತ ನಿಂತುಬಿಟ್ಟಿತು. ಹಸು ತಂದವನು ನಕ್ಕ. ಮಾವನಿಗೆ ಆ ನಗು ಚುಚ್ಚಿತು.

"ಇದ್ರಾಗೆ ಕಸುವಿಲ್ಲ. ಬೀಜ ಒಡೆಸಿ ನೇಗಿಲಿಗೆ ಹೂಡಾಣ" ಎಂದರು.

ನನ್ನ ತವರು ಕುರಿ ಸಾಕುವವರದು. ಟಗರನ್ನು ಮಂದೆಗೆ ಬಿಡುವ ಮೊದಲು ನಮ್ಮಪ್ಪ ಅದರ ಬೆನ್ನು ಒತ್ತಿ ನೋಡುತ್ತಿದ್ದ. ಬೆರಳಿಗೆ ಮೂಳೆ ಸಿಗದಿದ್ದರೆ ಮೇವು ಕಡಿಮೆ ಮಾಡಿ ಓಡಾಡಿಸುತ್ತಿದ್ದ. ನಾನು ಎಲ್ಲರೆದುರೇ ಹೋರಿಯ ಪಕ್ಕೆ ಒತ್ತಿದೆ. ಸಿಕ್ಕಿದ್ದು ಬರೀ ಕೊಬ್ಬು.

"ಕಸುವು ಐತೆ ಮಾವ, ಕೊಬ್ಬು ಮುಚ್ಚೈತೆ. ಆ ಹಸ ಮತ್ತೆ ಬೆದೆಗೆ ಬರಾಕೆ ಮೂರು ವಾರ ಐತೆ. ಅಲ್ಲೀತಂಕ ನನ್ನ ಕೈಗೆ ಕೊಡ್ರಿ."

"ಹೆಂಗಸ್ರು ಹೋರಿ ಹಿಡಿಯಾದು ಎಲ್ಲಾದ್ರೂ ಐತೇನವ್ವ?"

"ಇಲ್ಲದಿದ್ರೆ ಇವತ್ತಿಂದ ಐತೆ."

ಅತ್ತೆ ಬಾಯಿಗೆ ಸೆರಗು ಹಿಡಿದರು. ಮಾವ ಕೈಲಿದ್ದ ಹಗ್ಗ ನೆಲಕ್ಕೆ ಹಾಕಿ ಒಳಗೆ ಹೋದರು. ನನಗೆ ಅಷ್ಟು ಸಾಕಾಗಿತ್ತು.

ಬೆಣ್ಣೆ ಬಂದ್. ಹಿಂಡಿ ಬಂದ್. ರಾಗಿ ಹುಲ್ಲು, ಒಂದು ಹಿಡಿ ನೆನೆಸಿದ ಹುರುಳಿ, ಬೇಕಾದಷ್ಟು ನೀರು. ದಿನಾ ಬೆಳಿಗ್ಗೆ ಊರ ಹಿಂದಿನ ಗುಡ್ಡ ಹತ್ತಿಸಿ ಇಳಿಸಿದೆ. ಕಟ್ಟೆಯ ಮೇಲೆ ಕೂತವರು, "ಗಂಡನ್ನ ಬಿಟ್ಟು ಹೋರಿ ಹಿಂದೆ ಹೊಂಟ್ಲು" ಎಂದು ನಕ್ಕರು. "ನೀವೂ ಬರ್ರಿ, ನಿಮ್ಮ ಹೊಟ್ಟೇನೂ ಕರಗ್ತೈತೆ" ಎಂದೆ. ಮೊದಲ ವಾರ ಅದು ಅರ್ಧ ಗುಡ್ಡಕ್ಕೇ ಮಲಗುತ್ತಿತ್ತು. ಭಯವಾಗಿತ್ತು, ಸುಳ್ಳು ಹೇಳುವುದಿಲ್ಲ. ಸೋತರೆ ಹೋರಿಗೆ ಬೀಜ ಹೋಗುತ್ತಿತ್ತು, ಆ ಮನೆಯಲ್ಲಿ ನನಗೆ ಬಾಯಿ ಹೋಗುತ್ತಿತ್ತು. ಎರಡು ವಾರ ಕಳೆದ ಮೇಲೆ ಅದೇ ನನ್ನನ್ನು ಎಳೆದುಕೊಂಡು ಹತ್ತತೊಡಗಿತು.

ಇಪ್ಪತ್ತೊಂದನೇ ದಿನ ಅದೇ ಹಸು ಬಂತು. ಇಂಥ ಹೊತ್ತಿನಲ್ಲಿ ಹೆಂಗಸರು ಒಳಗೆ ಹೋಗುವುದು ರೂಢಿ. ಅತ್ತೆ ಹೋದರು. ನಾನು ಹಗ್ಗ ಬಿಡಲಿಲ್ಲ. ಹೋರಿ ಒಂದೇ ಸಲಕ್ಕೆ ಹಸುವಿನ ಮೇಲೆ ಹಾರಿತು.

ಹಸುವಿನವರು ಹೋರಿಗೆಂದು ಒಂದು ಸೇರು ಹುರುಳಿ ತಂದು, ಸಾಕಿದವನ ಟವಲ್ಲಿಗೆ ಸುರಿಯುವುದು ಊರಿನ ವಾಡಿಕೆ. ಹಸು ತಂದವನು ಸೇರು ಎತ್ತಿದ, ಮಾವ ಹೆಗಲ ಟವಲ್ ಇಳಿಸಿದರು. ನಾನು ನಡುವೆ ಹೋಗಿ ಸೆರಗು ಒಡ್ಡಿದೆ.

"ಸಾಕಿದೋಳು ನಾನು. ಇಲ್ಲಿ ಸುರೀರಿ."

ಅವನು ಮಾವನ ಮುಖ ನೋಡಿದ. ಮಾವ ನನ್ನನ್ನು ನೋಡಿದರು. ನಾನು ಸೆರಗು ಇನ್ನಷ್ಟು ಅಗಲ ಮಾಡಿದೆ.

"ಸುರಿಯಪ್ಪ" ಎಂದು ಮಾವ ಟವಲನ್ನು ಮತ್ತೆ ಹೆಗಲಿಗೆ ಹಾಕಿಕೊಂಡರು.