ಬ್ಯಾಲಸ್ಟ್ ಎಂದರೆ ಕಮಲಳ ಅಜ್ಜಿ

ಸ್ವಾತಂತ್ರ್ಯ ಬಂದ ಮರುವರ್ಷ ಮೊಗ್ರಾಲ್ ಹೊಳೆಯ ಬದಿಯ ಶಾಲೆಯೊಂದಕ್ಕೆ ಟೀಚರಾಗಿ ಸೇರಿದೆ. ಕೆಲಸ ಖಾಯಂ ಆಗಿರಲಿಲ್ಲ. ಇನ್‌ಸ್ಪೆಕ್ಟರರು ನನ್ನ ಪಾಠ ನೋಡಿ ಒಪ್ಪಬೇಕಿತ್ತು. ಒಪ್ಪದಿದ್ದರೆ ಗಂಟುಮೂಟೆ ಕಟ್ಟಬೇಕು. "ಹೆಣ್ಣಿಗೆ ಎಂತಕ್ಕೆ ಇಂಗ್ಲಿಷು?" ಎನ್ನಲು ಮನೆಯಲ್ಲಿ ಚಿಕ್ಕಪ್ಪ ಕಾದೇ ಇದ್ದರು.

ಇನ್‌ಸ್ಪೆಕ್ಟರರು ಬಂದ ದಿನ ಇಂಗ್ಲಿಷ್ ಪಾಠದಲ್ಲಿ 'ಬ್ಯಾಲಸ್ಟ್' ಎಂಬ ಪದ ಬಂತು. "ಇದರ ನೇರ ಅರ್ಥ, ಆಲಂಕಾರಿಕ ಅರ್ಥ ಎರಡನ್ನೂ ಮಕ್ಕಳಿಂದ ಹೇಳಿಸಿ" ಎಂದರು. ನಾನು ಇಂಗ್ಲಿಷಿನಲ್ಲೇ ವಿವರಿಸಿದೆ. ಮಕ್ಕಳು ಪಿಳಿಪಿಳಿ ನೋಡಿದರು. ಹೆಡ್ಮಾಸ್ಟರರು ಬೆವರು ಒರೆಸಿಕೊಂಡರು.

ಕೆಲಸ ಹೇಗೂ ಹೋಯಿತು, ಇನ್ನೆಂತ ಹೆದರಿಕೆ! ಪುಸ್ತಕ ಮುಚ್ಚಿ ಕನ್ನಡದಲ್ಲಿ ಕೇಳಿದೆ, "ಹೊಳೆ ದಾಟುವ ಕಡವಿನಲ್ಲಿ ಖಾಲಿ ದೋಣಿ ಬಿಡುವಾಗ ಒಳಗೆ ಎಂತ ಹಾಕ್ತಾರೆ?"

"ಕಲ್ಲು!" ಇಡೀ ತರಗತಿ ಕೂಗಿತು.

"ಯಾಕೆ?"

"ಇಲ್ಲದಿದ್ರೆ ಗಾಳಿಗೆ ಮಗುಚ್ತದೆ ಟೀಚರ್!"

"ಆ ಭಾರವೇ ಬ್ಯಾಲಸ್ಟ್" ಎಂದೆ.

ಇನ್‌ಸ್ಪೆಕ್ಟರರು ಹುಬ್ಬು ಗಂಟಿಕ್ಕಿದರು. "ಇಂಗ್ಲಿಷ್ ಪಾಠಕ್ಕೆ ಕನ್ನಡವೇ? ಇರಲಿ, ಇನ್ನೊಂದು ಅರ್ಥ?"

"ನಿಮ್ಮ ಮನೆಯಲ್ಲಿ ಆ ಕಲ್ಲಿನ ಹಾಗೆ ಯಾರಿದ್ದಾರೆ?" ಎಂದು ಮಕ್ಕಳನ್ನು ಕೇಳಿದೆ. ಮೀನುಗಾರರ ಮನೆಯ ಕಮಲ ಎದ್ದು ನಿಂತಳು.

"ನನ್ನ ಅಜ್ಜಿ. ಅವರು ಸುಮ್ಮನೆ ಮೂಲೆಯಲ್ಲಿ ಕೂತಿರ್ತಾರೆ. ಅಪ್ಪ ಕಡಲಿಗೆ ಹೋದಾಗ ಗಾಳಿ ಬಂದ್ರೆ ಅಮ್ಮ ಅಳ್ತಾರೆ, ನಾವೂ ಅಳ್ತೇವೆ. ಅಜ್ಜಿ ಮಾತ್ರ 'ಗಂಜಿಗೆ ನೀರಿಡು, ಅವ ಹಸಿದು ಬರ್ತಾನೆ' ಅಂತಾರೆ. ಆಗ ಎಲ್ಲರ ಅಳು ನಿಲ್ತದೆ."

ಇನ್‌ಸ್ಪೆಕ್ಟರರು ಹೆಡ್ಮಾಸ್ಟರರತ್ತ ತಿರುಗಿ, "ನನಗೆ ಕಾಲೇಜಿನಲ್ಲೂ ಈ ಪದವನ್ನು ಇಷ್ಟು ಚೆನ್ನಾಗಿ ಯಾರೂ ಕಲಿಸಲಿಲ್ಲ. ಇವರು ಇಲ್ಲೇ ಇರಲಿ" ಎಂದರು. ಅಬ್ಬಾ, ಎದ್ದು ಕುಣಿಯಬೇಕು ಅನಿಸಿತು ನನಗೆ!

ಮರುದಿನ ಬೆಳಿಗ್ಗೆ ಕಮಲಳ ಅಜ್ಜಿಯೇ ಸೊಂಟಕ್ಕೆ ಕೈ ಕೊಟ್ಟು, ಬೆನ್ನು ಬಾಗಿಸಿಕೊಂಡು ಶಾಲೆಯ ಬಾಗಿಲಿಗೆ ಬಂದರು. "ನನ್ನನ್ನು ಕಲ್ಲು ಅಂತ ಹೇಳಿಸಿದ್ದು ನೀನಾ ಮಾರಾಯ್ತಿ?"

ನಡೆದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ. ಅಜ್ಜಿ ಎಲೆಯಡಿಕೆ ಉಗುಳಿ ಬಂದು ಕೇಳಿದರು, "ಆ ದೊಡ್ಡ ಸಾಹೇಬರಿಗೆ ಅರ್ಥ ಆಯ್ತಾ?"

"ಆಯ್ತು ಅಜ್ಜಿ."

"ಹಾಗಾದ್ರೆ ಇವತ್ತು ನನ್ನ ಸೊಸೆಗೂ ಒಮ್ಮೆ ಬಂದು ಹೇಳು. ಇಂಗ್ಲಿಷಿನಲ್ಲೇ ಹೇಳು!"

ಆಮೇಲೆ ನಾನು ನಿವೃತ್ತಿಯವರೆಗೂ ಇಂಗ್ಲಿಷ್ ಕಲಿಸಿದೆ, ಎಷ್ಟೋ ಜನ ಹೊಗಳಿದರು. ಆದರೆ ಅಂದು ಆ ಅಜ್ಜಿ ಸೊಂಟದ ಕೈ ತೆಗೆದು, ಬೆನ್ನು ನೆಟ್ಟಗೆ ಮಾಡಿ ಅಂಗಳ ದಾಟಿ ಹೋದದ್ದನ್ನು ನೆನೆದರೆ ಈಗಲೂ ನನ್ನ ಎದೆ ಉಬ್ಬುತ್ತದೆ.