ಖಾಲಿ ಬರುತ್ತಿದ್ದ ಫಾರ್ಮು

ದಾಂಡೇಲಿಯ ಬಂಗೂರನಗರದಲ್ಲಿ ಜಾವಾ ಬಲ್ಲವನು ನಾನೊಬ್ಬನೇ ಎಂಬ ಭ್ರಮೆ ನನಗಿದ್ದ ಕಾಲ. ಅದನ್ನು ನಂಬಿದ ಒಂದು ಹೆಣ್ಣುಮಕ್ಕಳ ಹಾಸ್ಟೆಲ್ಲಿನವರು ನನ್ನಿಂದ ಅರ್ಜಿಯ ವೆಬ್ ಅಪ್ಲಿಕೇಶನ್ ಮಾಡಿಸಿಕೊಂಡರು. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಕಡೆಯವರಿಗೆ ಮಾತ್ರ ಅಲ್ಲಿ ಸೀಟು. ಹಳೆಯ ವಿದ್ಯಾರ್ಥಿನಿಯರ ನಂಬರು ಒತ್ತಿದರೆ ಹೋದ ವರ್ಷದ ಹೆಸರು, ಊರು ತಾನಾಗಿ ತುಂಬಿ ಬರುತ್ತದೆ ಎಂದು ಎದೆ ತಟ್ಟಿ ಹೇಳಿದ್ದೆ.

ಏನೂ ಬರಲಿಲ್ಲ. ಎಲ್ಲ ಕಾಲಮ್ಮುಗಳೂ ಖಾಲಿ. ಮೂರು ದಿನ ಸರ್ವರ್ ಬಂದ್ ಮಾಡಿ ಮತ್ತೆ ಶುರು ಮಾಡಿದೆ. ಆಗೆಲ್ಲ ಅದಕ್ಕೇ ಪಾಂಡಿತ್ಯ ಎನ್ನುತ್ತಿದ್ದರು. ಕೊನೆಗೆ ಕೌಂಟರಿನ ಗುಮಾಸ್ತರಿಗೆ, "ಖಾಲಿ ಬಂದಿದ್ದನ್ನ ನೀವ ತುಂಬಿಬಿಡ್ರಿ" ಎಂದೆ.

ಪುಣ್ಯಾತ್ಮರು ಹೆಸರನ್ನು ಗುರುತಿನ ಚೀಟಿ ನೋಡಿ ಬರೆದರು. ಊರು ಕೇಳಿ ಬಾಯಿ ನೋಯಿಸಿಕೊಳ್ಳಲಿಲ್ಲ. ಕೊಂಕಣಿ ಮಾತಾಡಿದವಳಿಗೆ ಜೋಯಿಡಾ, ಮರಾಠಿ ಬೆರೆಸಿದವಳಿಗೆ ಹಳಿಯಾಳ. ಅವರು ಬರೆದದ್ದೆಲ್ಲ ಹೋದ ವರ್ಷದ ವಿವರವನ್ನು ಅಳಿಸಿ ಅದರ ಜಾಗದಲ್ಲೇ ಕೂತಿತು. ಪಕ್ಕದಲ್ಲೇ ಕೂತಿದ್ದ ನಾನು ನಕ್ಕೆ.

ನಾಲ್ಕನೇ ದಿನ ತಪ್ಪು ಸಿಕ್ಕಿತು. ಡೇಟಾಬೇಸಿನಿಂದ ತಂದ ವಿವರವನ್ನು ನಾನು ಒಂದು ಕಡೆ ಇಟ್ಟಿದ್ದೆ; ಪುಟ ಅದನ್ನು ಇನ್ನೊಂದು ಕಡೆ ಹುಡುಕಿ, ಸಿಗದೆ, ಚಕಾರವೆತ್ತದೆ ಖಾಲಿ ಫಾರ್ಮು ತೋರಿಸುತ್ತಿತ್ತು. ಒಂದೇ ಪದ ಬದಲಿಸಿದೆ. ಯುದ್ಧ ಗೆದ್ದವನ ಹಾಗೆ ಎಲ್ಲರಿಗೂ ಚಹಾ ಕುಡಿಸಿದೆ.

ಸೀಟಿನ ಪಟ್ಟಿ ಅಂಟಿಸಿದ ಮರುದಿನ ಒಬ್ಬ ಹುಡುಗಿ ಬಂದಳು. ಮುಂಡಗೋಡದ ಸನವಳ್ಳಿಯ ಸಿದ್ದಿ ಮನೆತನದವಳು, ಕಪ್ಪು ಮೈಬಣ್ಣ, ಗುಂಗುರು ಕೂದಲಿನವಳು, ಹೋದ ವರ್ಷ ಇದೇ ಹಾಸ್ಟೆಲ್ಲಿನಲ್ಲಿದ್ದವಳು. ಸೀಟು ತಪ್ಪಿದರೆ ಅವಳು ಕಾಲೇಜನ್ನೇ ಬಿಡಬೇಕು. ದಿನಾ ಹೋಗಿ ಬರುವ ದೂರವಲ್ಲ.

"ನನ್ನ ಹೆಸರ ಯಾಕ ಇಲ್ರೀ?"

ಅವಳ ನಂಬರು ಒತ್ತಿದೆ. ನನ್ನ ಜಾಣತನ ಕೆಲಸ ಮಾಡಿತು. ಫಾರ್ಮು ಅಚ್ಚುಕಟ್ಟಾಗಿ ತುಂಬಿಕೊಂಡು ಬಂತು. ಊರು: ಆಫ್ರಿಕಾ.

ಪರದೆ ತಿರುಗಿಸುವಷ್ಟರಲ್ಲಿ ಅವಳು ಓದಿಬಿಟ್ಟಿದ್ದಳು. ಗುಮಾಸ್ತರು ಕಡತದಲ್ಲಿ ತಲೆ ಹುದುಗಿಸಿದರು. ನನಗೆ ಮೈಯೆಲ್ಲ ನಾಚಿಕೆಯಾಯಿತು, ಆದರೂ ಬಾಯಿಂದ ಬಂದದ್ದು ಸುಳ್ಳೇ.

"ಇದು ಕಂಪ್ಯೂಟರ್ ಮಾಡಿದ ತಪ್ಪ ಐತಿ, ತಂಗಿ."

ಸನವಳ್ಳಿ ಎಂದು ತಿದ್ದಿ, ವಾರ್ಡನ್ನರ ಬಳಿ ಓಡಿ, ಅವಳ ಸೀಟು ಬರೆಸಿಕೊಂಡು ಬಂದೆ. ಅವಳು ಚೀಟಿ ತೆಗೆದುಕೊಂಡಳು, ಮಡಚಿದಳು, ತನ್ನ ಮುಖದ ಕಡೆ ಬೆರಳು ತೋರಿಸಿ ನನ್ನನ್ನೇ ನೋಡಿದಳು.

"ಕಂಪ್ಯೂಟರಿಗೆ ನನ್ನ ಮಾರಿ ಕಾಣಸ್ತೈತೇನ್ರೀ?"