ಡ್ರಿಲ್ ಮೇಷ್ಟ್ರ ಎರಡು ಹೆಬ್ಬೆರಳು

ಒಪ್ಪಿಕೊಂಡುಬಿಡುತ್ತೇನೆ: ಗೋಡೆಗೆ ಮುಖ ಹಾಕಿಕೊಂಡು ನಡೆಯುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ನಡೆಯುವುದೆಂದರೆ ನಾನಲ್ಲ, ಟೀವಿಯ ವಿಡಿಯೋ ಗೇಮಿನೊಳಗಿನ ನನ್ನ ಮನುಷ್ಯ. ಹಿಂದೂಪುರದ ಹೈಸ್ಕೂಲೊಂದರಲ್ಲಿ ಮೂವತ್ತು ವರ್ಷ ಡ್ರಿಲ್ ಮೇಷ್ಟ್ರಾಗಿ, ಒಂದು ಸೀಟಿಗೆ ಇಡೀ ಶಾಲೆಯನ್ನೇ ಎಡಕ್ಕೂ ಬಲಕ್ಕೂ ತಿರುಗಿಸಿದವನು ನಾನು. ಈಗ ಒಬ್ಬನೇ ಒಬ್ಬನನ್ನು, ಅದೂ ಬಿಸಿಲಿಗೆ ತಲೆ ಸುತ್ತಿ ಬೀಳದ, ಹೊಟ್ಟೆನೋವೆಂದು ಸುಳ್ಳು ಚೀಟಿ ತರದ ಗೊಂಬೆಯನ್ನು, ಬಾಗಿಲಲ್ಲಿ ತೂರಿಸಲಾರದೆ ಒದ್ದಾಡುತ್ತಿದ್ದೇನೆ.

ಗೇಮ್‌ಪ್ಯಾಡನ್ನು ನೀವು ನೋಡಿಲ್ಲವಾದರೆ ಪುಣ್ಯವಂತರು. ಎರಡು ಕೈಯಲ್ಲೂ ಹಿಡಿಯಬೇಕು. ಎಡ ಹೆಬ್ಬೆರಳಿಗೊಂದು ಗಿಡ್ಡ ಸ್ಟಿಕ್ಕು, ಬಲ ಹೆಬ್ಬೆರಳಿಗೊಂದು. ಎಡದ್ದು ಮನುಷ್ಯನನ್ನು ನಡೆಸುತ್ತದೆ, ಬಲದ್ದು ನೋಟವನ್ನು ತಿರುಗಿಸುತ್ತದೆ. "ಅಷ್ಟೇರೀ," ಎನ್ನುತ್ತಾಳೆ ನನ್ನ ಹೆಂಡತಿ. ಹೆಂಗಸರ ಈ 'ಅಷ್ಟೇ'ಯನ್ನು ನಂಬಿ ಕೆಟ್ಟವರಲ್ಲಿ ನಾನು ಮೊದಲಿಗನಲ್ಲ. ನನ್ನ ಮನುಷ್ಯ ನೋಡುವ ಕಡೆ ನಡೆಯುವುದಿಲ್ಲ, ನಡೆಯುವ ಕಡೆ ನೋಡುವುದಿಲ್ಲ.

ಮಗ ತಂದು, ಬೇಸರವಾಗಿ ಬಿಟ್ಟ ಈ ಸಾಮಾನನ್ನು ಹೆಂಡತಿ ವಶಪಡಿಸಿಕೊಂಡಿದ್ದಾಳೆ. ಮಧ್ಯಾಹ್ನವಾದರೆ ಸಾಕು, ಅವಳು ಇಲ್ಲಿಂದ, ನನ್ನ ತಂಗಿ ರತ್ನ ಕಲ್ಯಾಣದುರ್ಗದಿಂದ, ಜೊತೆಗೆ ಯಾರೋ ಇಬ್ಬರು ಅಪರಿಚಿತರು ಸೇರಿ ಆನ್‌ಲೈನಿನಲ್ಲಿ ಬೆಟ್ಟ ಹತ್ತುತ್ತಾರೆ. ರತ್ನನದು ಬಸ್‌ಸ್ಟ್ಯಾಂಡ್ ಹಿಂದೆ ಟೈಲರ್ ಅಂಗಡಿ. ಸುತ್ತಲ ಹಳ್ಳಿಯ ಹೆಂಗಸರ ರವಿಕೆಗಳೆಲ್ಲ ಅವಳ ಕೈಯಲ್ಲೇ ಹುಟ್ಟುತ್ತವೆ. ಇವರಿಬ್ಬರ ಆಟ ಕಂಡು ನಾನು ಬಹಳ ದಿನ ನಕ್ಕೆ. ಆಮೇಲೆ ನಗುವ ಹಾಗಿರಲಿಲ್ಲ.

ಆದದ್ದು ಹೀಗೆ. ಹೋದ ವರ್ಷ ನಮ್ಮ ಮಹಡಿಯ ಗೃಹಪ್ರವೇಶ. ನಮ್ಮ ಶುಭಕಾರ್ಯಗಳಲ್ಲಿ ಕೆಲಸ ಮಾಡುವವರಿಗಿಂತ ಕೈ ತೋರಿಸುವವರೇ ಹೆಚ್ಚು. ಎಲೆ ಹಾಕುವವನು ಒಬ್ಬ, ಎಲೆಯ ತುದಿ ಯಾವ ಕಡೆ ಎಂದು ಕೂಗುವವರು ಆರು ಜನ. ಆ ಆರು ಜನರ ನಾಯಕ ನಾನೇ. ಹೊಸಿಲ ಪಕ್ಕ ನಿಂತು ಒಳಗೆ ಬರುವವರ ಕಾಲುಗಳನ್ನು ಪರೀಕ್ಷಿಸುತ್ತಿದ್ದೆ. ರತ್ನ ಅರಿಶಿನ ಕುಂಕುಮದ ತಟ್ಟೆ ಹಿಡಿದು ಬಂದವಳು ಎಡಗಾಲು ಎತ್ತಿದಳು ನೋಡಿ, "ಏಯ್! ಬಲಗಾಲು! ಇಷ್ಟು ವಯಸ್ಸಾದ್ರೂ ಕಾಲು ಯಾವ್ದು ಅಂತ ಗೊತ್ತಾಗಾಕಿಲ್ವ? ಪಕ್ಕಕ್ಕೆ ನಿಲ್ಲು!" ಎಂದು ಗದರಿಬಿಟ್ಟೆ, ಬೀಗರೆಲ್ಲರ ಎದುರಿಗೆ. ಅವಳು ತಟ್ಟೆಯನ್ನು ಹೊಸಿಲ ಆಚೆಗೇ ಇಟ್ಟು, ಊಟ ಕೂಡ ಮಾಡದೆ ಕಲ್ಯಾಣದುರ್ಗದ ಬಸ್ಸು ಹತ್ತಿದಳು.

ಆಮೇಲೆ ಫೋನೆತ್ತಲಿಲ್ಲ. ಗೌರಿ ಹಬ್ಬಕ್ಕೆ ಕಳಿಸಿದ ತವರಿನ ಬಾಗಿನ ಹೋದ ಬಸ್ಸಿನಲ್ಲೇ ವಾಪಸಾಯಿತು. ಮರಳಿ ಬಂದ ಮೊರದ ಮುಂದೆ ಕುಳಿತು ನಾನು ಅತ್ತೆ. ಡ್ರಿಲ್ ಮೇಷ್ಟ್ರು ಅಳುವುದಿಲ್ಲವೆಂದು ನೀವು ತಿಳಿದಿದ್ದರೆ, ಅದೂ ನಾವೇ ಹಬ್ಬಿಸಿದ ಸುದ್ದಿ.

ಈ ವರ್ಷ ಹಬ್ಬ ಹತ್ತಿರ ಬಂದಾಗ ಹೆಂಡತಿ ಹೇಳಿದಳು: "ರತ್ನ ಒಂದೇ ಮಾತು ಹೇಳವ್ಳೆ. ಅಣ್ಣ ಆಟದಾಗೆ ನನ್ನ ಹಿಂದೆ ಬೆಟ್ಟ ಹತ್ತಿ ಬರ್ಲಿ, ಆಮ್ಯಾಕೆ ಮಾತು ಅಂತ."

ಹಿಂದೆಯಂತೆ! ಜನ್ಮದಲ್ಲಿ ಯಾರ ಹಿಂದೆಯೂ ನಡೆಯದವನು ನಾನು. ಆದರೂ ಗೇಮ್‌ಪ್ಯಾಡ್ ಹಿಡಿದೆ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡೆ. ತಿಂಗಳುಗಟ್ಟಲೆ ಕೇಳದಿದ್ದ ದನಿ ಕೇಳಿಸಿತು: "ಏನಣ್ಣ, ಗೋಡೆ ಅಳೀತಿದ್ದೀಯ?" ನಾನು ಬಾಯಿ ತೆರೆಯುವಷ್ಟರಲ್ಲಿ ತಂಡದಲ್ಲಿದ್ದ ಅಪರಿಚಿತನೊಬ್ಬ ತೆಲುಗಿನಲ್ಲಿ ರೇಗಿದ: "ಗೋಡತೋ ಏಂ ಪನಿ ಅನ್ನಾ ನೀಕು?" ಗೋಡೆಯ ಹತ್ತಿರ ನನಗೇನು ಕೆಲಸವೆಂದು ಅವನು ಕೇಳುತ್ತಿದ್ದಂತೆಯೇ ನಾನು ಇನ್ನೊಂದು ಗೋಡೆಗೆ ಹೋಗಿ ಮುಖ ಹಾಕಿದೆ.

ನಮ್ಮ ಸೀಮೆಯ ತೊಗಲುಗೊಂಬೆ ಆಟದವರು ನೆನಪಾದರು. ಪರದೆಯ ಮೇಲೆ ಗೊಂಬೆ ಕುಣಿದರೆ, ಹಿಂದೆ ಆಡಿಸುವವನೂ ಗೆಜ್ಜೆ ಕಟ್ಟಿಕೊಂಡು ಕುಣಿಯುತ್ತಿರುತ್ತಾನೆ. ಅವನದು ಕಲೆ. ನನ್ನದು ಬೇರೆ ಜಾತಿ. ಗೊಂಬೆ ಬಲಕ್ಕೆ ತಿರುಗಲಿ ಎಂದು ನಾನು ಸೋಫಾದ ಮೇಲೆ ಬಲಕ್ಕೆ ವಾಲಿ, ಹೆಂಡತಿಯ ತೊಡೆಯ ಮೇಲೆ ಬೀಳುತ್ತಿದ್ದೆ. ಗೊಂಬೆ ಮಾತ್ರ ಎಡಕ್ಕಿದ್ದ ಹೊಂಡದಲ್ಲಿ ನೆಟ್ಟಗೆ ನಿಂತಿರುತ್ತಿತ್ತು. ಎರಡು ದಿನದಲ್ಲಿ ಒಂಬತ್ತು ಸಲ ಸತ್ತೆ.

ಮೂರನೆಯ ದಿನ ರತ್ನನಿಗೆ ತಡೆಯಲಾಗಲಿಲ್ಲ. "ಅಣ್ಣ, ಮಿಷನ್‌ನಾಗೆ ಕುತ್ತಿಗೆ ಪಟ್ಟಿ ಹೊಲಿಯೋವಾಗ ಸೂಜಿ ತಿರುಗ್ತದಾ? ಬಟ್ಟೆ ತಿರುಗಿಸ್ಬೇಕು. ನೀನು ಸೂಜೀನೇ ಹಿಡ್ಕೊಂಡು ತಿರುವ್ತಾ ಇದ್ದೀಯ. ಮನುಷ್ಯನ್ನ ನೂಕ್‌ಬ್ಯಾಡ ಕಣಣ್ಣ, ಅವನು ಮುಂದುಕ್ಕೆ ಹೋಯ್ತಾ ಇರ್ಲಿ. ನೀನು ಬಲಗಡೆ ಬೆರಳಲ್ಲಿ ಲೋಕ ತಿರುಗಿಸ್ಕೋ."

ಹಾಗೆಯೇ ಮಾಡಿದೆ. ಅಯ್ಯೋ, ಗೋಡೆ ತಾನಾಗಿ ಪಕ್ಕಕ್ಕೆ ಸರಿಯಿತು, ಬಾಗಿಲು ಎದುರಿಗೆ ಬಂದು ನಿಂತಿತು! ಮೂವತ್ತು ವರ್ಷ ನೂಕಿದ್ದಷ್ಟೇ ನನ್ನ ವಿದ್ಯೆ ಎಂದು ಆಗ ಹೊಳೆಯಿತು.

ಶಿಖರದ ಹತ್ತಿರ ಒಂಟಿ ಹಲಗೆಯ ಸೇತುವೆ. ಇಬ್ಬರು ಒಟ್ಟಿಗೆ ಹೋದರೆ ಇಬ್ಬರೂ ಕೆಳಕ್ಕೆ. ಅಭ್ಯಾಸಬಲ, ನಾನು ಮುಂದೆ ನುಗ್ಗಿದೆ. ಹೆಡ್‌ಫೋನಿನಲ್ಲಿ ಮೆತ್ತಗೆ ಬಂತು: "ಪಕ್ಕಕ್ಕೆ ನಿಲ್ಲಣ್ಣ."

ನನ್ನದೇ ಮಾತು! ಹಿಂದಕ್ಕೆ ಸರಿದು ಪಕ್ಕಕ್ಕೆ ನಿಂತೆ. ಅವಳು ದಾಟಿ, ಆ ಕಡೆಯಿಂದ ತಿರುಗಿ ನಿಂತು, "ಈಗ ಬಾ" ಎಂದಳು. ದಾಟಿದ ಮೇಲೆ, "ತಪ್ಪಾಯ್ತು ಕಣಮ್ಮ, ಅವತ್ತು ಹಂಗನ್ನಬಾರ್ದಾಗಿತ್ತು" ಎಂದೆ. "ಹಬ್ಬಕ್ಕೆ ಬತ್ತೀನಿ. ಸೀಟಿ ಬೀರುನಾಗಿಕ್ಕಿ ಬೀಗ ಹಾಕು," ಎಂದಳು ರತ್ನ.

ಬಂದಳು. ಹೊಸಿಲ ಮುಂದೆ ನಿಂತು ನನ್ನ ಮುಖವನ್ನೇ ನೋಡಿದಳು. ಬಲ ಹೆಬ್ಬೆರಳು ಜೇಬಿನೊಳಗೆ ತಾನಾಗಿ ಹೊರಳಿತು. ನಾನು ಅವಳ ಕಾಲು ಬಿಟ್ಟು ಮಾವಿನ ತೋರಣ ನೋಡುತ್ತ ನಿಂತೆ. ಅವಳು ಬೇಕೆಂದೇ ಎಡಗಾಲು ಮುಂದಿಟ್ಟು ಒಳಗೆ ಬಂದಳು. ಮನೆ ಬೀಳಲಿಲ್ಲ. ಅವಳಿಗೆ ಕಾಫಿ ತರಲು ನಾನೇ ಅಡುಗೆಮನೆಗೆ ಹೋದೆ. ಬಾಗಿಲಲ್ಲೇ ಹೋದೆ, ಗೋಡೆಗೆ ತಗಲಲಿಲ್ಲ.